ಮಾರಿಗೇಟಿನ ಹಲಗೆ

ನಾನು ಬೆಳೆದ ಮನೆಗೆ ಎರಡು ಬಾಗಿಲಿದ್ದವು. ಒಂದು ನಮ್ಮದು, ಹಲಸಿನ ಮರದ್ದು. ಮಳೆಗಾಲದಲ್ಲಿ ಉಬ್ಬಿಕೊಂಡು ಹೊಸ್ತಿಲಿಗೆ ಕಚ್ಚಿಕೊಳ್ಳುತ್ತಿತ್ತು. ಇನ್ನೊಂದು ದೊರೆಯದು, ಕಬ್ಬಿಣದ ದೊಡ್ಡ ಗೇಟು. ಅದನ್ನು ತೆಗೆಯುವುದು, ಮುಚ್ಚುವುದು ನಮ್ಮ ಅಪ್ಪಯ್ಯನ ಕೆಲಸ. ದೊರೆಯ ಕಾರು ಯಾವ ಹೊತ್ತಿಗೆ ಬಂದರೂ ಕಾಯುವಂತಾಗಬಾರದು ಎಂದು ಗೇಟಿನ ಮಗ್ಗುಲಲ್ಲೇ ನಮಗೆ ಮನೆ ಕೊಟ್ಟಿದ್ದರು. ಆಲ್ದೂರಿನ ರಸ್ತೆಯಿಂದ ಗುಡ್ಡದ ಕಡೆ ಒಳಕ್ಕೆ ತಿರುಗಿದರೆ ಆ ಕಾಫಿ ತೋಟಕ್ಕೆ ಅದೊಂದೇ ದಾರಿ. ಮುಂದೊಂದು ಜಗಲಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ, ಇಷ್ಟೇ ನಮ್ಮ ಮನೆ. ಅಡುಗೆಮನೆ ಅಜ್ಜಿಯದು, ಅಂದರೆ ಅಪ್ಪಯ್ಯನ ತಾಯಿಯದು. ಅವಳ ಅಪ್ಪಣೆಯಿಲ್ಲದೆ ಅಲ್ಲಿ ಬೆಕ್ಕೂ ಕಾಲಿಡುತ್ತಿರಲಿಲ್ಲ. ಒಲೆಯ ಮೇಲೆ ಕಟ್ಟಿದ ಅಟ್ಟದಲ್ಲಿ ಒಣಮೀನಿನ ಬುಟ್ಟಿ, ಅದರ ಕೆಳಗೆ ಬೆಲ್ಲದ ಕಾಫಿಯ ಪಾತ್ರೆ, ಪಾತ್ರೆಯ ಪಕ್ಕ ಅಜ್ಜಿ. ನನ್ನ ಅವ್ವ ಮಾತ್ರ ಹಗಲೆಲ್ಲ ಬಂಗಲೆಯಲ್ಲಿರುತ್ತಿದ್ದಳು. ದೊರೆಸಾನಿಯ ಮಗುವಿಗೆ ಅವಳು ಆಯಾ.

ತೋಟಕ್ಕೆ ಮೊದಲು ಬೇರೆ ಹೆಸರಿತ್ತಂತೆ. ದೊರೆಸಾನಿ ಬಂದ ವರ್ಷ ಚಿಕ್ಕಮಗಳೂರಿನಿಂದ ಪೇಂಟರನ್ನು ಕರೆಸಿ, ಬೀಟೆಯ ಹಲಗೆಯ ಮೇಲೆ ಬಿಳೀ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಹೆಸರು ಬರೆಸಿ ಗೇಟಿನ ಕಂಬಕ್ಕೆ ಹೊಡೆಸಿದಳು. ಮಾರ್ಗೇಟ್ ಎಂದು. ಅದು ಇಂಗ್ಲೆಂಡಿನ ಸಮುದ್ರದಂಡೆಯಲ್ಲಿರುವ, ಜನ ಹವಾ ತಿನ್ನಲು ಹೋಗುವ ಒಂದು ಊರು, ಅವಳ ತವರು. ನಮ್ಮವರಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ದೊರೆಯ ಬಾಯಿಂದ ಮೇಸ್ತ್ರಿ ಸುಬ್ಬಯ್ಯನ ಕಿವಿಗೆ, ಸುಬ್ಬಯ್ಯನ ಬಾಯಿಂದ ಕೂಲಿಯವರ ಮನೆಸಾಲಾದ ಲೈನಿಗೆ ಬರುವಷ್ಟರಲ್ಲಿ ಅದು ಮಾರಿಗೇಟು ಆಗಿತ್ತು. ದೊರೆ ತನ್ನ ಗೇಟನ್ನು ಮಾರಿಯಮ್ಮನಿಗೆ ಒಪ್ಪಿಸಿದ್ದಾನೆ ಎಂದೇ ಎಲ್ಲರೂ ತಿಳಿದರು. ಆ ವರ್ಷ ಸುತ್ತಲ ಊರುಗಳಲ್ಲೆಲ್ಲ ಸಿಡುಬು ಬಂದು ನಮ್ಮ ಲೈನಿಗೆ ಮಾತ್ರ ಬರಲಿಲ್ಲ. ಅಲ್ಲಿಗೆ ಮುಗಿಯಿತು. ಅಜ್ಜಿ ಹಳ್ಳದಿಂದ ಒಂದು ಕಲ್ಲು ಹೊತ್ತು ತಂದು ಹಲಗೆಯ ಕೆಳಗೆ ನೆಟ್ಟಳು. ಮಂಗಳವಾರ ಮಂಗಳವಾರ ಅರಿಸಿನ ಕುಂಕುಮ, ವರ್ಷಕ್ಕೊಮ್ಮೆ ಕೋಳಿ. ಲೈನಿನಲ್ಲಿ ಏನೇ ವ್ಯಾಜ್ಯ ಬಂದರೂ ಆ ಕಲ್ಲಿನ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು ರೂಢಿಯಾಯಿತು. ದೂರು ಹೇಳಿದವನೂ ಆಣೆ ಮಾಡಬೇಕು, ಹೇಳಿಸಿಕೊಂಡವನೂ ಮಾಡಬೇಕು. ಒಬ್ಬನೇ ಮಾಡಿದರೆ ಅದು ಅರ್ಧ ನ್ಯಾಯ ಎನ್ನುತ್ತಿದ್ದಳು ಅಜ್ಜಿ.

ದೊರೆಸಾನಿಗೆ ಕನ್ನಡ ಬರುತ್ತಿತ್ತು. ಎಂಥ ಕನ್ನಡ ಎಂದರೆ ಅದರಲ್ಲಿ ಅವನು, ಅವಳು, ಅವರು ಇರಲಿಲ್ಲ. ನಾಯಿಯೂ ಬಂತು, ಮೇಸ್ತ್ರಿಯೂ ಬಂತು. ಮಳೆಯೂ ಹೋಯ್ತು, ನಮ್ಮಪ್ಪಯ್ಯನೂ ಹೋಯ್ತು. ಕಲಿಯಲಾರದೆ ಹಾಗೆ ಆಡುತ್ತಿದ್ದಳು ಎಂದು ಪಾಪ ಅನ್ನುವವರಿದ್ದರು. ನಾನು ಅನ್ನುವುದಿಲ್ಲ. ಮಲ್ಲಂದೂರಿನ ಕಡೆಯ ಒಬ್ಬ ದೊಡ್ಡ ಸಾಹುಕಾರರು ಬಂಗಲೆಗೆ ಬಂದ ದಿನ ಅವಳ ಬಾಯಲ್ಲಿ 'ನೀವು ಬಂದ್ರಿ, ನೀವು ಕೂತ್ಕೊಳ್ಳಿ' ಎಂಬುದು ಸಲೀಸಾಗಿ ಬಂದದ್ದನ್ನು ಅವ್ವ ಕಿವಿಯಾರೆ ಕೇಳಿದ್ದಳು. ಬಂಗಲೆಯ ಗೋಡೆಯ ತುಂಬ ಆ ಸಮುದ್ರದ ಊರಿನ ಚಿತ್ರಗಳಿದ್ದವು. ಬೇಜಾರಾದಾಗ ಅವ್ವನನ್ನು ನಿಲ್ಲಿಸಿಕೊಂಡು ದೊರೆಸಾನಿ ಅದರ ವರ್ಣನೆ ಮಾಡುತ್ತಿದ್ದಳು. ನೀರಿನ ಮೇಲೆ ಉದ್ದಕ್ಕೆ ಚಾಚಿದ ಕಟ್ಟೆ, ಬ್ಯಾಂಡು, ಮರಳಿನ ಮೇಲೆ ಮಕ್ಕಳನ್ನು ಹೊರುವ ಕತ್ತೆಗಳು. ಅಲ್ಲಿ ತನ್ನ ತಾಯಿಯ ಮನೆ ಅರಮನೆಯ ಹಾಗಿದೆ ಎಂದೂ ಹೇಳುತ್ತಿದ್ದಳಂತೆ.

ಆ ಮಗುವನ್ನು ಶಾಲೆಗೆ ಸೇರಿಸುವ ವಯಸ್ಸಾದಾಗ ಊರಿಗೆ ಕರೆದುಕೊಂಡು ಹೊರಟರು. ಹಡಗಿನಲ್ಲಿ ಮಗುವನ್ನು ನೋಡಿಕೊಳ್ಳಲು ಅವ್ವ ಬೇಕೆಂದರು. ಅಜ್ಜಿ ಬೇಡವೆಂದಳು. ಸಮುದ್ರ ದಾಟಿದ ಕಾಲನ್ನು ಅಡುಗೆಮನೆಯೊಳಗೆ ಇಡಿಸಿಕೊಳ್ಳುವುದಿಲ್ಲ ಎಂದಳು. ಆದರೆ ಅಪ್ಪಯ್ಯ ದೊರೆಗೆ ಎದುರು ಹೇಳುವ ಗಂಡಸಲ್ಲ. ದೊರೆಸಾನಿಯೇ ಕಾರು ನಿಲ್ಲಿಸಿ ನಮ್ಮ ಜಗಲಿಯ ಮುಂದೆ ಮಾತು ಕೊಟ್ಟಳು.

"ಮಳೆ ಮುಗೀತು, ಆಯಾ ವಾಪಸ್ ಬಂತು. ಹಣ್ಣು ಕೊಯ್ಯೋ ಮೊದ್ಲು ಬಂತು."

ಮಳೆ ಮುಗಿಯಿತು. ಕಾಫಿ ಹಣ್ಣಾಗುವ ಹೊತ್ತಿಗೆ ಕಾರು ಗೇಟಿಗೆ ಬಂತು. ನಾನು ಜಗಲಿಯಿಂದ ಹಾರಿ ಓಡಿದೆ. ಒಳಗೆ ದೊರೆ ಇದ್ದ, ದೊರೆಸಾನಿ ಇದ್ದಳು, ಹಿಂದಿನ ಸೀಟಿನಲ್ಲಿ ಟೋಪಿಯ ಪೆಟ್ಟಿಗೆಗಳಿದ್ದವು. ಅಪ್ಪಯ್ಯ ಗೇಟಿನ ಸರಪಳಿ ಹಿಡಿದುಕೊಂಡೇ ಕೇಳಿದ.

"ಅಮ್ಮಾವ್ರೆ, ನಮ್ಮನೆಯವಳು ಎಲ್ಲಿ?"

"ಆಯಾ ಓಡ್ ಹೋಯ್ತು. ಹಡಗಿನ ಗಂಡಸು ಇತ್ತು, ಅದರ ಜೊತೆ ಹೋಯ್ತು. ಗೇಟ್ ತೆಗಿ."

ಅಪ್ಪಯ್ಯ ಗೇಟು ತೆಗೆದ. ಆ ಕಿರ್ರೆನ್ನುವ ಸದ್ದನ್ನು ನಾನು ಅವನಿಗೆ ಇವತ್ತಿಗೂ ಕ್ಷಮಿಸಿಲ್ಲ. ತೆಗೆಯದೆ ಸುಮ್ಮನೆ ನಿಲ್ಲಬಹುದಿತ್ತು. ಒಂದು ಗಳಿಗೆ ನಿಂತಿದ್ದರೂ ಸಾಕಿತ್ತು.

ಆಮೇಲೆ ನಮ್ಮ ಮನೆಯಲ್ಲಿ ಅವ್ವನ ಹೆಸರು ಹೇಳುವವರಿಲ್ಲವಾದರು. ಅಜ್ಜಿ ಅವಳ ಸೀರೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದಳು. ಅವಳು ಉಣ್ಣುತ್ತಿದ್ದ ಕಂಚಿನ ಬಟ್ಟಲನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ನನಗೆ ಕೊಟ್ಟಳು. ಲೈನಿನ ಹೆಂಗಸರು ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಬಾವಿಕಟ್ಟೆಯಲ್ಲಿ ಒಬ್ಬಳು ನನ್ನ ಗಲ್ಲ ಹಿಡಿದು, ಇದೂ ದೊಡ್ಡದಾದ ಮೇಲೆ ಹಡಗು ಹತ್ತುತ್ತೋ ಏನೋ ಎಂದಳು. ಅವಳ ಕೊಡಕ್ಕೆ ಮಣ್ಣು ಹಾಕಿ ಬಂದೆ. ಮನೆಯಲ್ಲಿ ಅಜ್ಜಿ ಹೊಡೆದಳು. ಇನ್ನೊಮ್ಮೆ ಅವಕಾಶ ಸಿಕ್ಕಾಗ ಮತ್ತೆ ಮಣ್ಣು ಹಾಕಿದೆ. ನನ್ನ ಬಾಲ್ಯದ ವಿದ್ಯಾಭ್ಯಾಸ ಶುರುವಾದದ್ದು ಹೀಗೆ. ಅಕ್ಷರ ಆಮೇಲೆ ಬಂತು.

ಎರಡು ಮಳೆಗಾಲ ಕಳೆದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಅಜ್ಜಿ ಕಲ್ಲಿಗೆ ನೀರು ಹಾಕುತ್ತಿರುವಾಗ, ಆಲ್ದೂರಿನ ಕಡೆಯಿಂದ ಒಬ್ಬಳು ನಡೆದು ಬಂದಳು. ಕಾಲಿಗೆ ಗಂಡಸರ ಬೂಟು, ಮೈಮೇಲೆ ಸೀರೆ, ಅದರ ಮೇಲೆ ಕರೀ ಕೋಟು. ಅವ್ವನೆಂದು ನನಗೆ ಗೊತ್ತಾಗಲಿಲ್ಲ, ಅಜ್ಜಿಗೆ ಗೊತ್ತಾಯಿತು. ಅವಳು ಚೆಂಬನ್ನು ಕೆಳಗಿಟ್ಟು ದಾರಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ಲು ಮಾರಾಯ್ತಿ. ಯಾರ ಜೊತೆ ಹೋಗಿದ್ದು ನೀನು?"

"ಯಾರ ಜೊತೇನೂ ಹೋಗಿಲ್ಲ ಅತ್ತೆ. ಆ ದೊರೆಸಾನೀನೇ ನನ್ನ ಅಲ್ಲಿ ಬಿಟ್ಟು ಬಂದಿದ್ದು."

"ಹಂಗಾದ್ರೆ ಮಾರಿ ಮುಂದೆ ಆಣೆ ಮಾಡು."

ಅವ್ವ ತಲೆಯೆತ್ತಿ ಹಲಗೆಯನ್ನು ನೋಡಿದಳು. ಒಂದೊಂದೇ ಅಕ್ಷರ ನೋಡಿದಳು. ಆಮೇಲೆ ನಕ್ಕಳು. ಅಷ್ಟು ದೂರದಿಂದ ಬಂದವಳು ಅಳುತ್ತಾಳೆ ಎಂದುಕೊಂಡಿದ್ದ ನನಗೆ ಆ ನಗು ಅರ್ಥವಾಗಲಿಲ್ಲ. ನಗು ನಿಲ್ಲಿಸಿ, ಬೂಟು ಬಿಚ್ಚಿ, ಕಲ್ಲಿನ ಮೇಲೆ ಕೈಯಿಟ್ಟಳು.

"ನಾನು ಓಡಿ ಹೋಗಿದ್ರೆ ಈ ಮಾರಿ ನನ್ನ ಕಣ್ಣು ಕೀಳ್ಲಿ. ನಂದಾಯ್ತು. ಇನ್ನು ಹೇಳಿದೋರು ಬಂದು ಮಾಡ್ಲಿ."

ಅಜ್ಜಿ ಕೆಳಗಿಟ್ಟ ಚೆಂಬನ್ನು ಎತ್ತಿಕೊಂಡಳು. ತಾನೇ ಮಾಡಿದ ಕಟ್ಟಳೆ. ಕೊನೆಗೆ ಅರ್ಧ ನ್ಯಾಯಕ್ಕೆ ಅರ್ಧ ಮನೆ ಎಂದು ತೀರ್ಮಾನವಾಯಿತು. ಅವ್ವ ಜಗಲಿಯಲ್ಲಿ ಮಲಗಬಹುದು, ಕೂರಬಹುದು. ನಡುಮನೆಗೂ ಇಲ್ಲ, ಅಡುಗೆಮನೆಗೂ ಇಲ್ಲ. ದೊರೆಸಾನಿ ಆಣೆ ಮಾಡುವ ತನಕ ಊಟ ಜಗಲಿಗೇ ಬರುತ್ತದೆ, ಹೊರಗಿನವರಿಗೆ ಇಡುವ ಪಿಂಗಾಣಿ ತಟ್ಟೆಯಲ್ಲಿ. ಅಪ್ಪಯ್ಯ ಏನಾದರೂ ಹೇಳುತ್ತಾನೆಂದು ಅವ್ವ ಅವನ ಮುಖ ನೋಡಿದಳು. ಅವನು ಗೇಟಿನ ಸರಪಳಿಗೆ ಎಣ್ಣೆ ಹಾಕುತ್ತಿದ್ದ.

ನಾನು ನನ್ನ ಚಾಪೆಯನ್ನು ಜಗಲಿಗೆ ಎಳೆದುಕೊಂಡು ಹೋದೆ. ಅಕ್ಕಿರೊಟ್ಟಿ ಮುರಿದು ಚಟ್ನಿಗೆ ಅದ್ದುತ್ತ ಅವ್ವ ಹೇಳಿದ ಆ ಊರಿನ ಕಥೆಗಳನ್ನು ಕೇಳುತ್ತ ನಾನು ಬೆಳೆದೆ. ಕೆಲವನ್ನು ಆಮೇಲೆ ಓದಿ ಸೇರಿಸಿಕೊಂಡಿದ್ದೇನೆ. ಮೊದಲು ಅದೊಂದು ಮೀನುಗಾರರ ಹಳ್ಳಿಯಂತೆ. ದೋಣಿಗಳಲ್ಲಿ ಲಂಡನ್ನಿಗೆ ಧಾನ್ಯ ಸಾಗಿಸುತ್ತಿದ್ದರಂತೆ. ಉಪ್ಪುನೀರಿನಲ್ಲಿ ಮುಳುಗಿದರೆ, ಅದನ್ನು ಕುಡಿದರೂ ಸರಿ, ರೋಗ ಹೋಗುತ್ತದೆ ಎಂದು ಡಾಕ್ಟರುಗಳು ಹೇಳತೊಡಗಿದ ಮೇಲೆ ಧಾನ್ಯದ ದೋಣಿಗಳು ಮರಳುವಾಗ ರೋಗಿಷ್ಠ ಶ್ರೀಮಂತರನ್ನು ಹೇರಿಕೊಂಡು ಬಂದವು. ಹೆಂಗಸರು ಮಾನವಾಗಿ ಮುಳುಗಲೆಂದು ಕುದುರೆ ಕಟ್ಟಿದ ಪೆಟ್ಟಿಗೆಗಾಡಿಯನ್ನು ನೀರಿನೊಳಕ್ಕೇ ಹೊಡೆದು, ಅದರ ಹಿಂದೆ ದಪ್ಪ ಬಟ್ಟೆಯ ಮರೆ ಇಳಿಬಿಡುತ್ತಿದ್ದರಂತೆ. ಕುತ್ತಿಗೆಗೆ ಗಂಟೇಳುವ ಗಂಡಮಾಲೆ ಬಂದ ಬಡಮಕ್ಕಳಿಗೆ ಸಮುದ್ರದ ಗಾಳಿಯಲ್ಲೇ ಮಲಗಿಸುವ ಆಸ್ಪತ್ರೆ ಕಟ್ಟಿದರು. ಆ ಊರಿನ ಬಗ್ಗೆ ಅವ್ವ ಒಳ್ಳೆಯ ಮಾತಾಡಿದ್ದು ಅದೊಂದಕ್ಕೇ. ಆಮೇಲೆ ಉಗಿಹಡಗು ಬಂತು, ರೈಲು ಬಂತು. ರೈಲಿನಲ್ಲಿ ಕೂಲಿನಾಲಿ ಮಾಡುವವರೂ ಬಂದು ಮರಳ ಮೇಲೆ ಕೂತರು. ಶ್ರೀಮಂತರು ಮೂಗು ಮುಚ್ಚಿಕೊಂಡು ಬೇರೆ ಊರು ಹುಡುಕಿಕೊಂಡರು. ಅವ್ವ ನೋಡುವಾಗ ಆ ಪೆಟ್ಟಿಗೆಗಾಡಿಗಳ ಚಕ್ರ ಕಿತ್ತು, ಚಹಾಕ್ಕೆ ಬಿಸಿನೀರು ಮಾರುವ ಗೂಡಂಗಡಿ ಮಾಡಿದ್ದರಂತೆ.

ಬೇಸಿಗೆಯ ಕೆಲವು ತಿಂಗಳು ಆ ಊರಿಗೆ ಹಬ್ಬ. ಬೀದಿಯ ಪ್ರತಿ ಮನೆಯೂ ಕೋಣೆ ಬಾಡಿಗೆಗೆ ಕೊಡುತ್ತದೆ, ಪ್ರತಿ ಬಾಗಿಲಲ್ಲೂ ಒಬ್ಬಳು ಬಿಳೀ ಏಪ್ರನ್ ಕಟ್ಟಿಕೊಂಡು ನಗುತ್ತ ನಿಂತಿರುತ್ತಾಳೆ. ಕರಿದ ಮೀನಿನ ವಾಸನೆ, ಬ್ಯಾಂಡಿನ ಸದ್ದು. ಚಳಿ ಬಿದ್ದದ್ದೇ ತಡ, ಕಿಟಕಿಗೆ ಹಲಗೆ ಬಡಿಯುತ್ತಾರೆ. ಕತ್ತೆಗಳನ್ನು ಎಲ್ಲಿಗೋ ಅಟ್ಟುತ್ತಾರೆ. ನಗುತ್ತಿದ್ದ ಬಾಯಿಗಳೆಲ್ಲ ಮುಚ್ಚುತ್ತವೆ. ದೊರೆಸಾನಿಯ ಅರಮನೆ ಎಂದರೆ ಅಂಥದೇ ಒಂದು ಬಾಡಿಗೆ ಕೋಣೆಗಳ ಮನೆ. ಅವಳ ತಾಯಿ ಮುದುಕಿ ತಾನೇ ಮಹಡಿ ಹತ್ತಿ ಬಂದವರ ಉಚ್ಚೆಯ ಪಾತ್ರೆಗಳನ್ನು ಇಳಿಸುತ್ತಿದ್ದಳಂತೆ. ದೊರೆಸಾನಿಯೂ ಮದುವೆಯಾಗುವ ತನಕ ಅದನ್ನೇ ಮಾಡಿದವಳು. ಇದನ್ನು ಹೇಳುವಾಗ ಅವ್ವ ತಿನ್ನುವುದನ್ನು ನಿಲ್ಲಿಸುತ್ತಿದ್ದಳು.

"ಪಾತ್ರೆ ಹೊತ್ತಿದ್ದು ತಪ್ಪಲ್ಲ ಕಣೇ. ನಾನೂ ಹೊತ್ತೆ. ಹೊತ್ತೋಳು ನನ್ನ 'ಅದು' ಅಂದ್ಲಲ್ಲ, ಅದು ತಪ್ಪು."

ಮಗುವನ್ನು ಶಾಲೆಗೆ ಬಿಟ್ಟ ಮೇಲೆ ಹಡಗಿನಲ್ಲಿ ಆಯಾಳ ಕೆಲಸ ಇರಲಿಲ್ಲ. ಟಿಕೆಟ್ಟು ಯಾಕೆ ದಂಡ ಎಂದು ದೊರೆಸಾನಿ ಅವ್ವನನ್ನು ತಾಯಿಯ ಮನೆಯಲ್ಲಿ ಬಿಟ್ಟು ಬಂದಳು. ಅದನ್ನು ಹೇಳಿದ್ದೂ ಕನ್ನಡದಲ್ಲೇ, ಆ ಮನೆಯ ಮೆಟ್ಟಿಲ ಮೇಲೆ ನಿಂತು, ಅದೇ ಊರಿನ ನಗು ನಗುತ್ತ.

"ಸೀಸನ್ ಮುಗೀತು ಆಯಾ. ನಿಂದು ಕೆಲಸ ಇಲ್ಲ."

ಬಂದವರನ್ನು ಹಲ್ಲುಕಿರಿದು ಒಳಗೆ ಕರೆಯುವುದು, ಸೀಸನ್ ಮುಗಿದ ಮೇಲೆ ಗುರುತೇ ಇಲ್ಲದ ಹಾಗೆ ಬಾಗಿಲು ಹಾಕುವುದು. ದೊರೆಸಾನಿ ತನ್ನ ಊರಿನಿಂದ ಕಲಿತು ಬಂದದ್ದು ಅಷ್ಟೇ ಎನ್ನುತ್ತಿದ್ದಳು ಅವ್ವ. ಅಲ್ಲಿ ನೆಲ ಒರೆಸಿ, ಪಾತ್ರೆ ಹೊತ್ತು, ಕೊನೆಗೆ ಮಂಗಳೂರಿನ ಕಡೆಗೆ ಬರುವ ಒಂದು ದೊರೆಮನೆಯವರ ಮಗು ನೋಡಿಕೊಳ್ಳುವ ಕೆಲಸ ಹಿಡಿದು ಅವಳು ಹಡಗು ಹತ್ತಿದಳು. ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಅಲ್ಲಿನ ಹಲಗೆ ನೋಡಿದಳಂತೆ. ಓದು ಬಾರದ ಅವಳಿಗೆ ಆ ಅಕ್ಷರಗಳ ಗುರುತಿತ್ತು. ಮೊದಲನೆಯದು ಒತ್ತಟ್ಟಿಗೆ ನಿಂತ ಎರಡು ಗುಡ್ಡದ ಹಾಗೆ, ಕೊನೆಯದು ಬಾಚಣಿಗೆಯ ಹಾಗೆ. ಏಳಕ್ಕೆ ಏಳೂ ನಮ್ಮ ಮನೆಯ ಗೇಟಿನವೇ. ಅಂದರೆ ಮಾರಿಯೂ ಇಲ್ಲ ಮಸಣಿಯೂ ಇಲ್ಲ, ನಾವೆಲ್ಲ ಇಷ್ಟು ದಿನ ಕೈಮುಗಿದದ್ದು ದೊರೆಸಾನಿಯ ತವರಿಗೆ. ಗೇಟಿನ ಮುಂದೆ ಅವಳಿಗೆ ನಗು ಬಂದದ್ದು ಅದಕ್ಕೆ. ಈ ಗುಟ್ಟನ್ನು ಅವಳು ಬಿಟ್ಟುಕೊಟ್ಟದ್ದು ನನಗೊಬ್ಬಳಿಗೆ.

"ಹಂಗಾದ್ರೆ ಎಲ್ರಿಗೂ ಹೇಳು ಅವ್ವ," ಎಂದೆ.

"ಎಂತಕ್ಕೆ ಹೇಳ್ಲಿ? ಅವ್ಳು ನನ್ನ ಮೇಲೆ ಸುಳ್ಳು ಹೇಳಿದ್ಲು. ಈ ಸುಳ್ಳು ನಂದು. ನೋಡ್ತಿರು."

ಕಾಫಿ ಕೆಂಪಗಾಗತೊಡಗಿದಾಗ ಅವ್ವ ಕೊಯ್ಲಿನ ಹೆಂಗಸರ ಜೊತೆ ಕೆಲಸಕ್ಕೆ ಸೇರಿದಳು. ಗಿಡದಿಂದ ಗಿಡಕ್ಕೆ ಸರಿಯುತ್ತ ಅವಳು ಹೆಚ್ಚೇನೂ ಹೇಳಲಿಲ್ಲ. ಆ ಮಾರಿಯ ಮೂಲಸ್ಥಾನ ಸಮುದ್ರದಾಚೆ ಇದೆ, ನಾನು ಕಣ್ಣಾರೆ ಕಂಡು ಬಂದಿದ್ದೇನೆ ಎಂದಳು. ಸ್ಟೇಷನ್ನಿನಲ್ಲಿ ಅವಳ ಹೆಸರು ಬರೆದಿದ್ದಾರೆ, ಇದೇ ಅಕ್ಷರ, ಇಷ್ಟಿಷ್ಟು ದೊಡ್ಡದು ಎಂದು ಕೈ ಅಗಲಿಸಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳು ಹೇಳಿದವಳು ಆಣೆ ಮಾಡದೆ ದಿನಾ ಮಾರಿಯ ಗೇಟಿನಲ್ಲಿ ಕಾರಿನಲ್ಲಿ ಓಡಾಡಿದರೆ ಆ ತಾಯಿ ಎಷ್ಟು ದಿನ ಸುಮ್ಮನಿರುತ್ತಾಳೋ ನೋಡೋಣ ಎಂದಷ್ಟೇ ಸೇರಿಸಿದಳು. ಆ ವಾರ ಲೈನಿನ ಒಂದು ಮಗುವಿನ ಮೈಮೇಲೆ ಗುಳ್ಳೆ ಎದ್ದವು. ಬೆವರುಸಾಲೆಯೋ ಏನೋ, ತಾನಾಗಿ ಹೋಯಿತು. ಆದರೆ ಮರುದಿನ ಬೆಳಿಗ್ಗೆ ಹೆಂಗಸರು ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಬಂದವರು ಗೇಟು ದಾಟಲಿಲ್ಲ. ಕಲ್ಲಿನ ಸುತ್ತ ಕೂತರು. ಹಿಂದೆಯೇ ಗಂಡಸರೂ ಬಂದು ಕೂತರು. ಮೇಸ್ತ್ರಿ ಸುಬ್ಬಯ್ಯ ಮೊದಲು ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ತಾನೂ ಟವೆಲು ಹಾಸಿ ಕೂತ. ಕಲ್ಲು ಕಿತ್ತು ಹಳ್ಳಕ್ಕೆ ಹಾಕಿಸು ಎಂದು ದೊರೆಸಾನಿ ಹೇಳಿ ಕಳಿಸಿದಳು. ಅದನ್ನು ಮುಟ್ಟುವವನು ಆ ತೋಟದಲ್ಲಿ ಹುಟ್ಟಿರಲಿಲ್ಲ. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರತೊಡಗಿತು. ಎಂಟನೆಯ ದಿನ ಇಳಿಮಧ್ಯಾಹ್ನ ದೊರೆಯೇ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಗೇಟಿಗೆ ಬಂದ. ಅವನಿಗೆ ಮಾರಿಯೂ ಬೇಡ, ಮಾನವೂ ಬೇಡ, ಹಣ್ಣು ಕೊಯ್ದು ಸಿಪ್ಪೆ ಸುಲಿಯುವ ಪಲ್ಪರಿಗೆ ಬಿದ್ದರೆ ಸಾಕಿತ್ತು.

ದೊರೆಸಾನಿ ಇಳಿದಳು. ಅವಳ ಕುತ್ತಿಗೆ ಕೆಂಪಗಾಗಿತ್ತು. ಅಜ್ಜಿ ಕಲ್ಲಿನ ಪಕ್ಕ ನಿಂತು ಬೂಟಿನ ಕಡೆ ಕೈ ತೋರಿಸಿದಳು. ದೊರೆಸಾನಿ ಬೂಟು ಬಿಚ್ಚಿದಳು. ಕೈಗವಸು ತೆಗೆದು, ಕುಂಕುಮ ತಾಗದ ಜಾಗ ಹುಡುಕಿ ಕಲ್ಲಿಗೆ ಒಂದೇ ಬೆರಳು ಮುಟ್ಟಿಸಿದಳು.

"ಆಯಾ ಓಡ್ ಹೋಗಿಲ್ಲ," ಎಂದಳು, ಹಲಗೆಯ ಕಡೆ ನೋಡುತ್ತ. "ನಾನು ಬಿಟ್ಟು ಬಂದೆ. ಅದು ಓಡ್ ಹೋಗಿಲ್ಲ."

ಜನ ಏಳತೊಡಗಿದರು. ಸುಬ್ಬಯ್ಯ ಟವೆಲು ಕೊಡವಿ ಎದ್ದ. ಅವ್ವ ಎದ್ದವಳು ದಾರಿ ಬಿಡಲಿಲ್ಲ. ಅವಳ ದನಿ ಏರಿರಲಿಲ್ಲ.

"ಅದು ಅಲ್ಲ ದೊರೆಸಾನಿಯವ್ರೆ. ಅವ್ರು ಅನ್ನಿ. ಅವ್ರು ಓಡಿ ಹೋಗ್ಲಿಲ್ಲ ಅನ್ನಿ."

ದೊರೆಸಾನಿ ದೊರೆಯ ಮುಖ ನೋಡಿದಳು. ದೊರೆ ಗಿಡಗಳ ಕಡೆ ನೋಡುತ್ತಿದ್ದ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ನನಗೆ ತಿಳಿಯದು. ಅದು ಮುಗಿಯದಿದ್ದರೆ ಚೆನ್ನಾಗಿತ್ತು ಎಂದು ನಾನು ಜಗಲಿಯ ಮೇಲೆ ಬಯಸುತ್ತಿದ್ದೆ.

"ಅವ್ರು," ಎಂದಳು ದೊರೆಸಾನಿ. "ಅವ್ರು ಓಡಿ ಹೋಗ್ಲಿಲ್ಲ."

ಎಲ್ಲ ಬರುತ್ತಿತ್ತು ಅವಳಿಗೆ. ಮೊದಲಿನಿಂದಲೂ ಬರುತ್ತಿತ್ತು. ಅವ್ವ ಸೊಂಟದ ಬುಟ್ಟಿ ಬಿಗಿ ಮಾಡಿಕೊಂಡಳು.

"ನಡೀರೇ, ಸೀಸನ್ ಶುರುವಾಯ್ತು," ಎಂದು ಹೆಂಗಸರನ್ನು ಕರೆದುಕೊಂಡು ಗೇಟು ದಾಟಿ ಹೋದಳು. ದಾರಿ ಬಿಟ್ಟು ಕಾರಿಗೆ ಒತ್ತಿಕೊಂಡು ನಿಂತದ್ದು ದೊರೆಸಾನಿ.

ಅವತ್ತು ಸಂಜೆ ಅವ್ವ ಕಾಲು ತೊಳೆದು ನೆಟ್ಟಗೆ ಅಡುಗೆಮನೆಗೆ ಹೋಗಿ ಅಜ್ಜಿಯ ಮಣೆಯ ಮೇಲೆ ಕೂತಳು. ಕಂಚಿನ ಬಟ್ಟಲು ಕೇಳಿದಳು. ನಾನು ಕೊಟ್ಟೆ. ಅಜ್ಜಿ ಬಡಿಸಿದಳು, ಕಡುಬು, ಕೆಸುವಿನ ಸೊಪ್ಪಿನ ಸಾರು, ಸುಟ್ಟ ಒಣಮೀನು. ಇನ್ನೊಂದು ಹಾಕಲಾ ಎಂದು ಅಜ್ಜಿ ಕೇಳಿದಾಗಲೆಲ್ಲ ಅವ್ವ ಹಾಕಿ ಎಂದಳು, ಹಸಿವಿಲ್ಲದಿದ್ದರೂ. ಅಪ್ಪಯ್ಯನ ಜೊತೆ ಮಾತ್ರ ಅವಳು ಮತ್ತೆ ನೇರವಾಗಿ ಮಾತಾಡಲಿಲ್ಲ. ನಿಮ್ಮಪ್ಪಯ್ಯಂಗೆ ಊಟಕ್ಕೆ ಬರೋಕೆ ಹೇಳು ಎಂದು ನನಗೆ ಹೇಳುತ್ತಿದ್ದಳು, ಅವನು ಎದುರಿಗೇ ಕೂತಿದ್ದರೂ. ಅವನು ಸಾಯುವವರೆಗೂ ಹೀಗೇ ನಡೆಯಿತು. ಕ್ಷಮಿಸುವುದು ದೊಡ್ಡ ಗುಣ ಎಂದು ಮಕ್ಕಳಿಗೆ ಹೇಳುವವರನ್ನು ಕಂಡಾಗ ನನಗೆ ಆ ಊಟ ನೆನಪಾಗುತ್ತದೆ. ಆ ಗುಣ ನನಗೆ ಬರಲಿಲ್ಲ, ಬೇಕೆಂದೂ ಅನಿಸಿಲ್ಲ. ನನಗೆ ಬಂದದ್ದು ಕಿವಿ. ಯಾರು ಯಾರನ್ನು 'ಅದು' ಎನ್ನುತ್ತಾರೆ ಎಂದು ಎಲ್ಲಿ ಕೂತರೂ ಕೇಳಿಸಿಕೊಳ್ಳುತ್ತೇನೆ.

ದೊರೆಗಳು ತೋಟ ಮಾರಿ ಹೋಗುವಾಗ ದೊರೆಸಾನಿ ಆ ಹಲಗೆಯನ್ನು ತವರಿಗೆ ಒಯ್ಯಬೇಕೆಂದಳು. ಬಿಚ್ಚಲು ಬಂದವನನ್ನು ಅವ್ವ ಗೇಟಿನಲ್ಲೇ ತಡೆದಳು. ಅದು ದೇವರದು, ಕೊಡಲು ಬರುವುದಿಲ್ಲ ಎಂದಳು. ಅಷ್ಟು ಹೊತ್ತಿಗೆ ಅವಳು ಮಂಗಳವಾರ ಮಂಗಳವಾರ ಕಲ್ಲಿಗಿಂತ ಹಲಗೆಗೇ ಹೆಚ್ಚು ಎಣ್ಣೆ, ಹೆಚ್ಚು ಕುಂಕುಮ ಬಳಿಯುತ್ತಿದ್ದಳು. ಭಕ್ತಿ ಎಂದು ಜನ ಕೈಮುಗಿದರು.

ಈಗ ಅಲ್ಲಿ ಗುಡಿಯಿದೆ. ಬಸ್ಸಿನವರು ಮಾರಿಗೇಟು ಎಂದು ಕೂಗಿ ಜನರನ್ನು ಇಳಿಸುತ್ತಾರೆ. ನಿಜ ಏನೆಂದು ಇಲ್ಲಿ ಬರೆದಿದ್ದೇನೆ, ನಮ್ಮ ಕಡೆ ಯಾರೂ ನಂಬುವುದಿಲ್ಲ, ನಂಬುವುದು ಬೇಡ. ಅವ್ವ ಹೋದ ಮೇಲೆ ಹಲಗೆಯ ಸೇವೆ ನನ್ನದು. ಮಳೆಗಾಲದಲ್ಲಿ ಕುಂಕುಮ ತೊಳೆದುಹೋಗಿ ಒಂದೊಂದು ಸಲ ಎರಡು ಗುಡ್ಡದ ಆ ಮೊದಲಕ್ಷರ ಇಣುಕುತ್ತದೆ. ನಾನು ಎಣ್ಣೆ ಕುಂಕುಮದ ಬಟ್ಟಲು ಹಿಡಿದು ಸ್ಟೂಲು ಹತ್ತಿ, ಅದು ಕಾಣದ ಹಾಗೆ ಗಟ್ಟಿಯಾಗಿ ಒತ್ತಿ ಬಳಿದು ಇಳಿಯುತ್ತೇನೆ.